ದಿನಕ್ಕೊಂದು ಕೆಟ್ಟ ಎಲೆ

ಆ ವರ್ಷ ನಮ್ಮ ಮನೆಯಲ್ಲಿ ಚಹಾಕ್ಕಿಂತ ಮೊದಲು ಮೇಜಿನ ಮೇಲೆ ಬರುತ್ತಿದ್ದದ್ದು ಒಂದು ಎಲೆ. ಬಿಳಿ ಪಿಂಗಾಣಿ ತಟ್ಟೆಯ ನಟ್ಟನಡುವೆ, ಕಟಕಟೆಯಲ್ಲಿ ಆರೋಪಿ ನಿಂತ ಹಾಗೆ, ಒಂದೇ ಒಂದು ಎಲೆ. ತೋಟವನ್ನೆಲ್ಲ ಸುತ್ತಿ, ಕಂಡವುಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಕಿತ್ತು ತರಬೇಕು. ಮನೆಯವರೆಲ್ಲ ಅದನ್ನು ಮಗುಚಿ ನೋಡಬೇಕು. ಆಮೇಲೆ ಚಹಾ. ಇದು ನಮ್ಮ ಸೊಸೆ ತಂದ ಕಾನೂನು.

ಕಣ್ಣಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು. ದಟ್ಟ ಮಂಜಿನಲ್ಲಿ ಮೂರು ಮೈಲಿ ದೂರದಲ್ಲಿ ಕೈ ಎತ್ತಿದವನ ಜೇಬಿನಲ್ಲಿ ಚಿಲ್ಲರೆ ಇದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ಹೇಳುತ್ತಿದ್ದೆ. ನಾನು ಹಾರ್ನ್ ಹೊಡೆದರೆ ರಸ್ತೆಯ ತಿರುವುಗಳು ತಾವಾಗಿ ನೇರವಾಗುತ್ತಿದ್ದವು. ಇಂಥ ನಾನು ನಿವೃತ್ತನಾದ ಮೇಲೆ ಅಕ್ಕನ ಮನೆ ಸೇರಿ, ಆ ಮನೆಗೆ ಒಂದು ಕಳೆ ತಂದುಕೊಟ್ಟೆ. ಅಕ್ಕ ಇದನ್ನು ಒಪ್ಪುವುದಿಲ್ಲ. "ಕಳೆ ತಂದನಂತೆ. ಕಳೆ ಕೀಳೋಕೆ ಕರೆದರೆ ಸೊಂಟ ನೋವು ಅಂತಾನೆ" ಎನ್ನುತ್ತಾಳೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅಕ್ಕ, ಅವಳ ಮಗ ಅಂದರೆ ನನ್ನ ಅಳಿಯ, ಅವನ ಹೆಂಡತಿ ಅಂದರೆ ಈ ಸೊಸೆ, ಮತ್ತೆ ನಾನು. ಅಳಿಯನದು ಲಿಫ್ಟ್ ರಿಪೇರಿ ಕೆಲಸ. ಇಡೀ ಪಟ್ಟಣವನ್ನು ಮೇಲೆತ್ತುವ ಈ ಮಹಾನುಭಾವ ಬೆಳಿಗ್ಗೆ ತನ್ನ ತಲೆಯನ್ನು ದಿಂಬಿನಿಂದ ಎತ್ತಲಾರ. ಸೊಸೆ ಆರು ವರ್ಷ ದೊಡ್ಡದೊಂದು ಲಾಂಡ್ರಿಯಲ್ಲಿದ್ದಳು. ಹೋಟೆಲುಗಳ ಹಾಸಿಗೆ ಬಟ್ಟೆ, ಬಿಸಿ ಹಬೆ, ಬಿಳುಪು ಮಾಡುವ ಪುಡಿ. ಅವಳಿಗೊಂದು ಕೆಮ್ಮು ಹತ್ತಿಕೊಂಡಿತ್ತು. ಈ ಕೆಮ್ಮಿನ ವಿಷಯದಲ್ಲಿ ನಾನು ಒಂದಕ್ಕೆ ಎರಡು ಸೇರಿಸುವುದಿಲ್ಲ. ಅವಳು ಕೆಮ್ಮಲು ಶುರುಮಾಡಿದರೆ ಊಟಕ್ಕೆ ಕೂತವರೆಲ್ಲ ತುತ್ತು ಕೈಯಲ್ಲೇ ಹಿಡಿದು ಕಾಯುತ್ತಿದ್ದೆವು, ಅಷ್ಟೆ.

ಆ ವರ್ಷ ಅವಳು ಲಾಂಡ್ರಿ ಬಿಟ್ಟಳು. ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಟೊಮ್ಯಾಟೊ ಬೆಳೆದು ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಕೊಡುವುದೆಂದು ಮಾತಾಯಿತು. ವಾರಕ್ಕೆ ಹನ್ನೆರಡು ಕ್ರೇಟು, ಆರು ವಾರ ತಪ್ಪದೆ. ಕೊಟ್ಟರೆ ಮುಂದಿನ ವರ್ಷಕ್ಕೂ ಅವಳದೇ. ತಪ್ಪಿದರೆ ಮತ್ತೆ ಲಾಂಡ್ರಿ. ಅಳಿಯ ಇದನ್ನು ಅಡುಗೆಮನೆಯಲ್ಲಿ ನಿಂತು ಎರಡೆರಡು ಸಲ ಹೇಳಿದ.

"ಒಂದೇ ಬೆಳೆ. ಆಮೇಲೆ ನೆಪ ಹೇಳೋ ಹಾಗಿಲ್ಲ."

"ನೆಪ ಹೇಳೋದು ನಿಮ್ಮ ಮಾವನ ಇಲಾಖೆ. ನನ್ನದಲ್ಲ" ಎಂದಳು ಸೊಸೆ.

ನನಗೆ ಬೇಸರವಾಗಲಿಲ್ಲ. ಹೆಸರು ಮಾಡಿದವರನ್ನು ಜನ ಎಳೆದೇ ಎಳೆಯುತ್ತಾರೆ.

ತೋಟ ಇಳಿಜಾರು. ಗೇಟಿನ ಕಡೆ ಎತ್ತರದಲ್ಲಿ ಸೊಸೆಯ ಟೊಮ್ಯಾಟೊ, ಹನ್ನೆರಡು ಸಾಲು. ಒಂದೊಂದು ಗಿಡಕ್ಕೂ ಕೋಲು, ಹುರಿ. ಅದರ ಕೆಳಗೆ ಅಕ್ಕನ ಆಲೂಗಡ್ಡೆ. ತೀರಾ ಕೆಳಗೆ, ಚರಂಡಿಯ ಪಕ್ಕ, ಸಾಮಾನಿನ ಕೊಟ್ಟಿಗೆ. ಅದರ ಹಿಂದೆ ಅಕ್ಕನ ಗುಡ್ಡೆ. ಆ ಗುಡ್ಡೆಯ ಕಥೆ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲಿ ನಡೆದ ಜಗಳಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೆಯೇ ನಡೆದವು.

ಅಕ್ಕ ಏನನ್ನೂ ಎಸೆಯುವವಳಲ್ಲ. ಮೊಳಕೆ ಬಂದ ಆಲೂಗಡ್ಡೆ, ಕೊಳೆತದ್ದು, ಗುದ್ದಲಿ ತಾಗಿ ಸೀಳಿದ್ದು, ಎಲ್ಲ ಕೊಟ್ಟಿಗೆಯ ಹಿಂದೆ. ಅವು ಅಲ್ಲೇ ಚಿಗುರಿ ಗಿಡವಾಗುತ್ತಿದ್ದವು. "ಬಿಟ್ಟಿ ಗಿಡ" ಎಂದು ಅಕ್ಕನಿಗೆ ಅವುಗಳ ಮೇಲೆ ಪ್ರೀತಿ ಹೆಚ್ಚು.

"ಅತ್ತೆ, ಅಂಗಮಾರಿ ಚಳಿಗಾಲ ಕಳೆಯೋದೇ ಇಂಥ ಗುಡ್ಡೆಯಲ್ಲಿ" ಎಂದಳು ಸೊಸೆ. "ಕೊಳೆತ ಗಡ್ಡೆಯೊಳಗೆ ಮಲಗಿರುತ್ತೆ. ತಂಪಾಗಿ ನಾಲ್ಕು ದಿನ ಜಿನುಗು ಮಳೆ ಹಿಡಿದರೆ ಎದ್ದು ಕೂರುತ್ತೆ. ಮೊದಲು ನಿಮ್ಮ ಆಲೂಗಡ್ಡೆ, ಆಮೇಲೆ ನನ್ನ ಟೊಮ್ಯಾಟೊ. ಎರಡಕ್ಕೂ ಒಂದೇ ರೋಗ."

"ನೀನು ಹುಟ್ಟೋಕೆ ಮುಂಚಿನಿಂದ ಈ ಗುಡ್ಡೆ ಇದೆ. ಅದಕ್ಕೆ ಯಾವ ರೋಗವೂ ಬಂದಿಲ್ಲ."

"ಬಂದಿದ್ದರೂ ನಿಮಗೆ ಹೇಳಬೇಕಾ ಅದು? ಆಳವಾಗಿ ಹೂತುಬಿಡಿ, ಎರಡು ಅಡಿ."

"ಹೂತರಾಯ್ತು ಬಿಡು."

ಅಕ್ಕ ಹೂತಳು. ಹೇಗೆ ಹೂತಳು? ಗುಡ್ಡೆಯ ಮೇಲೆ ಎರಡು ಬುಟ್ಟಿ ಮಣ್ಣು ಸುರಿದು ಕೈ ತೊಳೆದುಕೊಂಡು ಬಂದಳು. ಆಲೂಗಡ್ಡೆಯ ಮೇಲೆ ಎರಡು ಬುಟ್ಟಿ ಮಣ್ಣು ಸುರಿಯುವುದಕ್ಕೆ ಲೋಕದಲ್ಲಿ ಬೇರೆ ಹೆಸರಿದೆ. ಅದಕ್ಕೆ ನೆಡುವುದು ಎನ್ನುತ್ತಾರೆ. ಹದಿನೈದು ದಿನದಲ್ಲಿ ಬಿಟ್ಟಿ ಗಿಡಗಳು ಆನೆಯ ಕಿವಿಯಷ್ಟಗಲ ಎಲೆ ಬಿಟ್ಟವು. ಕೊಟ್ಟಿಗೆಯ ಹಿಂದಕ್ಕೆ ಅಕ್ಕನ ಹೊರತು ಯಾರೂ ಹೋಗುತ್ತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸೊಸೆಯ ಕಾನೂನುಗಳು ಒಂದೇ ಎರಡೇ. ನೀರು ಬೆಳಿಗ್ಗೆಯೇ ಬಿಡಬೇಕು, ಬುಡಕ್ಕೆ ಮಾತ್ರ, ಎಲೆ ನೆನೆಯಬಾರದು. ಒದ್ದೆ ಗಿಡಗಳ ನಡುವೆ ಯಾರೂ ಕೆಲಸ ಮಾಡಬಾರದು. ಟೊಮ್ಯಾಟೊ ಗಿಡದಲ್ಲಿ ನೆಲದಿಂದ ಒಂದು ಗೇಣಿನವರೆಗೆ ಎಲೆ ಇರಬಾರದು. ಮತ್ತೆ ಔಷಧಿ: ಮೈಲುತುತ್ತು ಎಂಬ ತಾಮ್ರದ ಉಪ್ಪು ಬೇರೆ ನೀರಿನಲ್ಲಿ, ಸುಣ್ಣ ಬೇರೆ ನೀರಿನಲ್ಲಿ ಕರಗಿಸಿ, ಎರಡನ್ನೂ ಸೇರಿಸಿ ಗಿಡಕ್ಕೆ ಹೊಡೆಯುವ ನೀಲಿ ನೀರು. ಸುಣ್ಣ ಸಾಲದಿದ್ದರೆ ಎಲೆ ಸುಡುತ್ತದೆ. ಸಾಕಾಗಿದೆಯೋ ಇಲ್ಲವೋ ನೋಡಲು ಅದರಲ್ಲಿ ಕಬ್ಬಿಣ ಅದ್ದಬೇಕು. ಕಬ್ಬಿಣ ಕೆಂಪಗಾದರೆ ಇನ್ನಷ್ಟು ಸುಣ್ಣ. ಸೊಸೆ ಮೊದಲನೆಯ ದಿನ ಅದ್ದಿದ್ದು ಅಕ್ಕನ ಈರುಳ್ಳಿ ಚಾಕುವನ್ನು.

"ಅಯ್ಯೋ, ನನ್ನ ಚಾಕು ತಾಮ್ರದ್ದಾಗಿದೆ."

"ಉಜ್ಜಿದರೆ ಹೋಗುತ್ತೆ, ಅತ್ತೆ."

"ಆ ವಿಷದ ಚಾಕುವಿನಲ್ಲಿ ಹೆಚ್ಚಿದ್ದನ್ನ ನಿನ್ನ ಗಂಡನಿಗೇ ಬಡಿಸು. ನನಗೆ ಬೇಡ."

"ಯಾಕೆ, ನನಗೆ ಯಾಕೆ?" ಎಂದ ಅಳಿಯ.

"ನೀನು ಲಿಫ್ಟಿನ ಗ್ರೀಸೇ ತಿಂದು ಅರಗಿಸಿಕೊಂಡವನು."

ಆಮೇಲೆ ಆ ಕೆಲಸಕ್ಕೆ ಒಂದು ಹಳೆಯ ಮೊಳೆ ಗೊತ್ತುಮಾಡಿದ್ದಾಯಿತು. ಎರಡು ಸಲ ಔಷಧಿ ಹೊಡೆದದ್ದೂ ಆಯಿತು. ಟೊಮ್ಯಾಟೊ ಎದೆಯೆತ್ತರ ಬಂತು, ಕಾಯಿ ತುಂಬಿತು, ಇನ್ನು ಎರಡು ವಾರಕ್ಕೆ ಮೊದಲ ಕೊಯ್ಲು ಎನ್ನುವಾಗ ಸೊಸೆಯ ತಾಯಿ ಜಾರಿಬಿದ್ದು ಕೈ ಮುರಿದುಕೊಂಡರು. ಸೊಸೆ ಹತ್ತು ದಿನದ ಮಟ್ಟಿಗೆ ತವರಿಗೆ ಹೊರಟಳು.

"ಬೆಳಗಿನ ಸುತ್ತು ಯಾರದು?" ಎಂದು ಚೀಲ ಕಟ್ಟುತ್ತ ಕೇಳಿದಳು.

ನನ್ನ ನಾಲಿಗೆ ಎಂದಿನಂತೆ ನನಗಿಂತ ಮೊದಲು ಎದ್ದು ನಿಂತಿತು. "ನನ್ನದು. ಬಸ್ಸಿನ ಕನ್ನಡಿಯಲ್ಲಿ ನಾನು ಹಿಂದಿನ ಸೀಟಿನವನ ಸುಳ್ಳನ್ನೇ ಕಂಡುಹಿಡಿದವನು. ಒಂದು ಎಲೆಯ ಚುಕ್ಕೆ ಎಷ್ಟರದು?"

"ಕೆಳಗಿನ ಸಾಲಿನ ತನಕ ಹೋಗಬೇಕು ಮಾವ. ಬಗ್ಗಿ, ತೀರಾ ಕೆಳಗಿನ ಎಲೆ ಮಗುಚಿ ನೋಡಬೇಕು. ನೀರಲ್ಲಿ ನೆಂದ ಹಾಗೆ ಕಪ್ಪು ಮಚ್ಚೆ, ಅಡಿಯಲ್ಲಿ ಬೆಳ್ಳಗೆ ಬೂಷ್ಟು. ದಿನಾ ತಟ್ಟೆಯ ಫೋಟೊ ಕಳಿಸಿ. ಅದನ್ನ ನೋಡಿ ನಾನು ಔಷಧಿ ಹೊಡೀಬೇಕಾ ಬೇಡವಾ ಹೇಳ್ತೀನಿ."

"ನೀನು ನೆಮ್ಮದಿಯಾಗಿ ಹೋಗಮ್ಮ. ಅಂಗಮಾರಿ ನನ್ನ ಮುಖ ನೋಡಿದರೆ ಬೇರೆ ಜಿಲ್ಲೆಗೆ ವರ್ಗ ಕೇಳುತ್ತೆ."

ಅವಳು ಹೋದ ದಿನವೇ ಜಿನುಗು ಹಿಡಿಯಿತು. ಅಂಥ ಮಳೆ ಜಗತ್ತಿನಲ್ಲಿ ಹಿಂದೆ ಆಗಿಲ್ಲ. ಹನಿ ಬೀಳುತ್ತಿರಲಿಲ್ಲ, ತೂಗುತ್ತ ನಿಂತಿರುತ್ತಿತ್ತು. ಬಿಸಿಲೇ ಇಲ್ಲ. ಮಧ್ಯಾಹ್ನವೂ ಎಲೆಗಳ ಮೇಲೆ ನೀರು.

ಮೊದಲ ದಿನ ನಾನು ಕೆಳಗಿನ ಸಾಲಿನ ತನಕ ಹೋದೆ. ಎರಡನೆಯ ದಿನವೂ ಹೋದೆ, ಮತ್ತು ವಾಪಸ್ಸು ಬರುವಾಗ ಕೆಸರಿನಲ್ಲಿ ಜಾರಿದೆ. ಆ ಜಾರುವಿಕೆಯನ್ನು ನೀವು ನೋಡಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮೂಳೆ ಹೆಕ್ಕಲು ಜರಡಿ ಬೇಕಾಗುತ್ತಿತ್ತು. ಮಂಡಿ ಊದಿತು. ಮೂರನೆಯ ದಿನ ಗೇಟಿನ ಹತ್ತಿರ ನಿಂತು ಕೆಳಗೆ ನೋಡಿದೆ. ಹಸಿರೇ ಹಸಿರು. ಮೊದಲನೆಯ ಸಾಲಿನಲ್ಲಿ ಕೈಗೆಟಕಿದ ಒಂದು ಎಲೆ ಕಿತ್ತೆ. ಅಂಚು ಸ್ವಲ್ಪ ಹಳದಿ. ತಟ್ಟೆಯಲ್ಲಿಟ್ಟೆ.

"ಇದೇನಾ ಎಲ್ಲಕ್ಕಿಂತ ಕೆಟ್ಟದ್ದು?" ಎಂದ ಅಳಿಯ, ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ.

"ಹನ್ನೆರಡು ಸಾಲಿನಲ್ಲಿ ಇದಕ್ಕಿಂತ ಕೆಟ್ಟದ್ದು ಹುಡುಕಿ ತಂದರೆ ಮೀಸೆ ಬೋಳಿಸ್ತೀನಿ."

ಅವನು ಫೋಟೊ ತೆಗೆದು ಕಳಿಸಿದ. ಸೊಸೆಯಿಂದ ಉತ್ತರ ಬಂತು: "ಸರಿ. ಔಷಧಿ ಬೇಡ." ಮರುದಿನವೂ ಅದೇ ಸಾಲು. ಅದರ ಮರುದಿನವೂ. ನಾಲ್ಕು, ಐದು, ಆರು. ತಟ್ಟೆ ತಪ್ಪಲಿಲ್ಲ, ಫೋಟೊ ತಪ್ಪಲಿಲ್ಲ. ಅಕ್ಕ ಚಹಾ ಸೋಸುತ್ತ ಒಮ್ಮೆ ಎಲೆಯನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ಲೋಟ ಮುಂದಿಟ್ಟಳು.

ಹತ್ತನೆಯ ದಿನ ಬೆಳಿಗ್ಗೆ ಸೊಸೆ ಬಂದಳು. ಹೆಗಲ ಚೀಲ ಇಳಿಸಲಿಲ್ಲ, ಚಪ್ಪಲಿ ಬಿಡಲಿಲ್ಲ, ನೇರ ತೋಟಕ್ಕೆ ಇಳಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಕೆಳಗಿನ ಸಾಲಿನಲ್ಲಿ ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಆಲೂಗಡ್ಡೆಯ ಪಾತಿ ದಾಟಿ ಕೊಟ್ಟಿಗೆಯ ಹಿಂದೆ ಹೋದಳು.

ಬಂದು ತಟ್ಟೆಯಲ್ಲಿ ಮೂರು ಎಲೆ ಇಟ್ಟಳು. ಒಂದು ಟೊಮ್ಯಾಟೊ, ಒಂದು ಪಾತಿಯ ಆಲೂಗಡ್ಡೆ, ಒಂದು ಗುಡ್ಡೆಯದು. ಮೂರರಲ್ಲೂ ಎಣ್ಣೆ ಬಿದ್ದಂಥ ಕಪ್ಪು ಮಚ್ಚೆ. ಮಗುಚಿದರೆ ಅಡಿಯಲ್ಲಿ ಬಿಳಿಯ ಬೂಷ್ಟು, ಹಿಟ್ಟು ಉದುರಿಸಿದ ಹಾಗೆ. ಗುಡ್ಡೆಯ ಎಲೆಯಂತೂ ಬೇಯಿಸಿ ಹಿಂಡಿದಂತಿತ್ತು, ನಾರುತ್ತಿತ್ತು.

"ಹೂತಿದ್ದೀನಿ ಅಂದಿರಿ, ಅತ್ತೆ."

ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು. "ಮಣ್ಣು ಹಾಕಿದ್ದೆ."

"ಅಮ್ಮ, ನಿನಗೆ ಎಷ್ಟು ಸಲ ಹೇಳಿದ್ದಳು ಅವಳು?" ಅಳಿಯನ ಧ್ವನಿ ಏರಿತು. "ನಾಲ್ಕು ಕೊಳೆತ ಗಡ್ಡೆಗೋಸ್ಕರ ಅವಳ ಇಡೀ ವರ್ಷ ತಿಂದುಹಾಕಿದೆ. ಇನ್ನು ಲಾಂಡ್ರಿಗೆ ನೀನು ಹೋಗ್ತೀಯಾ?"

"ಸಾಕು ಬಿಡ್ರಿ" ಎಂದಳು ಸೊಸೆ. ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು. ತಟ್ಟೆ ನೋಡುತ್ತ ಒಂದೇ ಪ್ರಶ್ನೆ ಕೇಳಿದಳು: "ಆದರೆ ಫೋಟೊದಲ್ಲಿ ಏನೂ ಇರಲಿಲ್ಲವಲ್ಲ. ಇದು ಒಂದೇ ದಿನದಲ್ಲಿ ಹೀಗೆ ಬರುತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಹೆಗಲನ್ನಷ್ಟೇ ಅಲ್ಲ, ಇಡೀ ಮೈಯನ್ನು ತಡವಿಕೊಂಡೆ. ಆದರೂ ಈ ನಾಲಿಗೆ ಹೇಳಿತು, "ಬರುತ್ತಮ್ಮ. ಇದು ಮಹಾಮಾರಿ. ಬೆಳಗಾಗೋದರಲ್ಲಿ ಹತ್ತು ಹಳ್ಳಿ ನುಂಗುತ್ತೆ."

ಅವತ್ತು ಮಳೆ ಬಿಟ್ಟಿತ್ತು. ಗಾಳಿಗೆ ಎಲೆ ಆರಿದ ಮೇಲೆ ನಾಲ್ವರೂ ಇಳಿದೆವು. ಹತ್ತಿದ ರೋಗಕ್ಕೆ ನೀಲಿ ನೀರು ಮದ್ದಲ್ಲ, ಹತ್ತದ ಗಿಡಕ್ಕೆ ಬೇಲಿ ಅಷ್ಟೆ ಎಂದಳು ಸೊಸೆ. ಕೆಳಗಿನ ಐದು ಸಾಲು ಟೊಮ್ಯಾಟೊವನ್ನು, ಕಾಯಿ ತುಂಬಿಕೊಂಡಿದ್ದ ಹಾಗೆಯೇ, ಬುಡ ಸಮೇತ ಕಿತ್ತು ಗೋಣಿಚೀಲಕ್ಕೆ ತುಂಬಿದೆವು. ಕೆಲವು ಕಾಯಿಗಳ ಹೆಗಲ ಮೇಲೆ ಆಗಲೇ ಕಂದು ಗಾಯ ಎದ್ದಿತ್ತು. ಅಳಿಯ ಕೊಟ್ಟಿಗೆಯ ಹಿಂದೆ ಎದೆಮಟ್ಟದ ಗುಂಡಿ ತೋಡಿ ಗುಡ್ಡೆಯನ್ನೂ ಚೀಲಗಳನ್ನೂ ಅದರಲ್ಲಿ ಹೂತ. ಮೇಲಿನ ಏಳು ಸಾಲಿಗೆ ಸೊಸೆ ಎಲೆಯ ಮೇಲೂ ಕೆಳಗೂ ಔಷಧಿ ಹೊಡೆದಳು.

ಅಕ್ಕ ಯಾರನ್ನೂ ಕೇಳದೆ ಕುಡುಗೋಲು ತಂದಳು. ತನ್ನ ಆಲೂಗಡ್ಡೆಯ ಮೊದಲ ಸಾಲಿನಲ್ಲಿ ಕೂತು ಗಿಡಗಳನ್ನು ನೆಲಮಟ್ಟಕ್ಕೆ ಕೊಯ್ಯತೊಡಗಿದಳು.

"ಅತ್ತೆ, ಗಡ್ಡೆ ಇನ್ನೂ ಬಲಿತಿಲ್ಲ" ಎಂದಳು ಸೊಸೆ.

"ಸೊಪ್ಪು ನಿಂತಿದ್ದರೆ ನಿನ್ನ ಟೊಮ್ಯಾಟೊಗೆ ಹಾರೋದಿಲ್ವಾ?"

"ಹಾರುತ್ತೆ."

"ಹಂಗಿದ್ದ ಮೇಲೆ ಕೇಳೋದೇನು."

ಅರ್ಧಕ್ಕರ್ಧ ಗಿಡಗಳು ಇನ್ನೂ ಹೂ ಹೊತ್ತು ನಿಂತಿದ್ದವು. ಸಂಜೆಯೊಳಗೆ ಪಾತಿಯಲ್ಲಿ ಬರಿಯ ಮಣ್ಣಿನ ಏರಿಗಳು ಉಳಿದವು. ಎರಡು ವಾರ ಗಡ್ಡೆ ಅಗೆಯುವಂತಿಲ್ಲ. ಮಣ್ಣಿನ ಮೇಲೆ ಬಿದ್ದ ರೋಗ ಸಾಯಬೇಕು, ಗಡ್ಡೆಯ ಸಿಪ್ಪೆ ಗಟ್ಟಿಯಾಗಬೇಕು.

ಅವತ್ತಿನಿಂದ ಅಕ್ಕ ನಮ್ಮ ಜೊತೆ ಮೇಜಿಗೆ ಬರುವುದನ್ನು ಬಿಟ್ಟಳು. ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಒಲೆಯ ಪಕ್ಕದ ಮಣೆಯ ಮೇಲೆ ಕೂತು ತಿನ್ನುತ್ತಿದ್ದಳು. ಸೊಸೆ ಕರೆದರೆ "ಹಸಿವಿಲ್ಲ" ಎನ್ನುತ್ತಿದ್ದಳು. ಅಳಿಯ ಕರೆಯಲಿಲ್ಲ. ಸೊಸೆಯ ಫೋನಿಗೆ ಲಾಂಡ್ರಿಯ ಮೇಲ್ವಿಚಾರಕಿಯಿಂದ ಕರೆ ಬಂತು; ತಿಂಗಳ ಕೊನೆಯೊಳಗೆ ಹೇಳು, ಜಾಗ ಖಾಲಿಯಿದೆ ಎಂದು. ಸೊಸೆ "ಹೇಳ್ತೀನಿ ಮೇಡಂ" ಎಂದು ಫೋನಿಟ್ಟು, ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ಸುಮ್ಮನೆ ಅತ್ತ ಇತ್ತ ತಳ್ಳುತ್ತ ಕೂತಳು.

ಐದು ದಿನ ಹೀಗೆ ಕಳೆಯಿತು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಉಪ್ಪು. ನನ್ನ ಹಸಿವು ಜಗತ್ಪ್ರಸಿದ್ಧ. ಒಂದು ಸಲ ಮದುವೆ ಮನೆಯವರು ನಾನು ಕೂತದ್ದನ್ನು ನೋಡಿ ಇನ್ನೊಂದು ಒಲೆ ಹಚ್ಚಿಸಿದ್ದರು. ಆದರೆ ಆ ಐದು ದಿನ ಒಂದು ಗಡ್ಡೆಯೂ ಇಳಿಯುತ್ತಿರಲಿಲ್ಲ. ಆರನೆಯ ದಿನ ಮಧ್ಯಾಹ್ನ ಅಳಿಯ ಊಟದ ನಡುವೆ ಒಲೆಯ ಕಡೆ ನೋಡಿ, "ತಪ್ಪು ಮಾಡಿದವರಿಗೆ ಸಿಟ್ಟು ಬೇರೆ" ಎಂದ.

"ತಪ್ಪು ನನ್ನದು" ಎಂದೆ.

"ಮಾವ, ಈಗ ನಿಮ್ಮ ತಮಾಷೆ ಬೇಡ."

"ತಮಾಷೆ ಅಲ್ಲ. ಎರಡು ದಿನ ಕೆಳಗೆ ಹೋದೆ. ಮೂರನೇ ದಿನದಿಂದ ಹೋಗಲಿಲ್ಲ. ಏಳು ದಿನ. ಏಳೂ ಎಲೆ ಗೇಟಿನ ಪಕ್ಕದ ಮೊದಲ ಸಾಲಿನದು."

ಇದಕ್ಕೆ ಒಂದು ಹುಲಿಯನ್ನೋ ಪ್ರವಾಹವನ್ನೋ ಸೇರಿಸಬಹುದಿತ್ತು, ಮಂಡಿಯನ್ನಾದರೂ ಸೇರಿಸಬಹುದಿತ್ತು. ಸೇರಿಸಲಿಲ್ಲ. ನನ್ನ ಜೀವಮಾನದಲ್ಲಿ ನಾನು ಹೇಳಿದ ಮಾತುಗಳಲ್ಲಿ ಅಷ್ಟು ಚಿಕ್ಕದು ಇನ್ನೊಂದಿಲ್ಲ.

ಸೊಸೆ ನಿಧಾನವಾಗಿ ಕೇಳಿದಳು, "ಮೂರನೇ ದಿನ ಹೋಗಿದ್ದರೆ ಕಾಣ್ತಿತ್ತಾ?"

"ಮೂರನೇ ದಿನವೋ ನಾಲ್ಕನೇ ದಿನವೋ. ಕಾಣ್ತಿತ್ತಮ್ಮ. ಒಂದೆರಡು ಗಿಡದಲ್ಲಿ ಮುಗೀತಿತ್ತು."

ಒಲೆಯ ಪಕ್ಕದಿಂದ ಅಕ್ಕ ಹೇಳಿದಳು, "ನನಗೆ ಗೊತ್ತಿತ್ತು."

ಮೂವರೂ ತಿರುಗಿದೆವು.

"ಇವನ ಬಟ್ಟೆ ಒಗೆಯೋದು ಯಾರು? ಎರಡು ದಿನ ಪ್ಯಾಂಟಿನ ಮಂಡಿಯಲ್ಲಿ ಕೆಸರಿತ್ತು. ಆಮೇಲೆ ಮದುವೆ ಗಂಡಿನ ಪ್ಯಾಂಟಿನ ಹಾಗೆ ಬಂತು."

"ಮತ್ತೆ ಯಾಕಮ್ಮ ಬಾಯಿ ಬಿಡಲಿಲ್ಲ?" ಎಂದ ಅಳಿಯ. ಅವನ ಧ್ವನಿ ಕೆಳಗಿಳಿದಿತ್ತು.

"ಅವನು ಕೆಳಗೆ ಹೋಗಿ ಮಚ್ಚೆ ಕಂಡಿದ್ದರೆ ಹುಡುಕ್ಕೊಂಡು ನನ್ನ ಗುಡ್ಡೆ ತನಕ ಬರ್ತಿದ್ದ. ಹೋಗದೇ ಇದ್ದದ್ದು ನನಗೂ ಅನುಕೂಲವೇ ಆಯ್ತು." ಅಕ್ಕ ಒಲೆಯ ಬೂದಿಯನ್ನು ಕೆದಕಿದಳು. "ಗುಡ್ಡೆಯ ಎಲೆ ಮೇಲೆ ಚುಕ್ಕೆ ನಾನೂ ನೋಡಿದ್ದೆ. ಹಣ್ಣೆಲೆ ಇರಬೇಕು ಅಂದುಕೊಂಡೆ. ಅಂದುಕೊಂಡೆ ಅಂತಲೂ ಅಲ್ಲ. ಅಂದುಕೊಳ್ಳೋಣ ಅಂತ."

ಸೊಸೆಗೆ ಕೆಮ್ಮು ಬಂತು. ಲಾಂಡ್ರಿ ಬಿಟ್ಟ ಮೇಲೆ ಅದು ತುಂಬ ಕಡಿಮೆಯಾಗಿತ್ತು, ಆದರೂ ಬಂತು; ನಾವು ಮೂವರೂ ಹಳೆಯ ಅಭ್ಯಾಸದಂತೆ ಕೈ ಇದ್ದಲ್ಲೇ ನಿಲ್ಲಿಸಿ ಕಾದೆವು. ಅವಳು ನೀರು ಕುಡಿದಳು.

"ನಾನು ಇಬ್ಬರನ್ನೂ ಕ್ಷಮಿಸಿದೆ ಅಂತ ಹೇಳೋಕೆ ಆಗಲ್ಲ, ಈಗಲೇ" ಎಂದಳು. "ಅತ್ತೆ, ಇಲ್ಲಿ ಬಂದು ಕೂತು ಊಟ ಮಾಡಿ. ಅಲ್ಲಿ ಕೂತರೆ ನನಗೆ ಗಂಟಲಲ್ಲಿ ಇಳಿಯಲ್ಲ. ಮಾವ, ನಾಳೆ ಬೆಳಗಿನ ಸುತ್ತು ನಿಮ್ಮದೇ."

"ನನ್ನದಾ?" ನಾನು ನಿಜಕ್ಕೂ ದಂಗಾದೆ.

"ನಾನು ಉಳಿದ ಗಿಡಕ್ಕೆ ಹುರಿ ಕಟ್ಟಬೇಕು. ಇವರು ಏಳಲ್ಲ. ಅತ್ತೆ ಒಲೆ ಬಿಟ್ಟು ಬರೋಕಾಗಲ್ಲ. ಇನ್ನು ಯಾರಿದ್ದಾರೆ?"

ಏಳು ಸಾಲು ಉಳಿದವು. ಅದರಲ್ಲೂ ಎಂಟು ಗಿಡ ಹೋದವು. ಎಂಟನ್ನೂ ಮೊದಲ ಮಚ್ಚೆಯಲ್ಲೇ ಕಂಡುಹಿಡಿದವನು ಯಾರು ಎಂದು ಹೇಳಿಕೊಂಡರೆ ಜಂಬವಾಗುತ್ತದೆ, ಆದ್ದರಿಂದ ನಾನೇ ಎಂದಷ್ಟೇ ಹೇಳುತ್ತೇನೆ. ನಾಲ್ಕು ವಾರ ಹನ್ನೆರಡು ಕ್ರೇಟು ತುಂಬಿತು. ಐದನೆಯ ವಾರ ಎಂಟಕ್ಕೇ ನಿಂತಿತು. ಸೊಸೆ ಖಾಲಿ ಕ್ರೇಟುಗಳನ್ನು ನೋಡುತ್ತ ನಿಂತಿದ್ದಾಗ ಅಕ್ಕ ಕೊಟ್ಟಿಗೆಯಿಂದ ತನ್ನ ಆಲೂಗಡ್ಡೆ ತಂದು ಸುರಿದಳು. ಗೋಲಿಯಷ್ಟು, ನಿಂಬೆಹಣ್ಣಿನಷ್ಟು, ಅದಕ್ಕಿಂತ ದೊಡ್ಡದು ಒಂದೂ ಇಲ್ಲ. ಆದರೆ ಸಿಪ್ಪೆಯ ಮೇಲೆ ಒಂದು ಕಲೆಯೂ ಇಲ್ಲ. ಅಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದ್ದಳು.

ಕ್ಯಾಂಟೀನಿನ ಅಡುಗೆಯವನು ಒಂದು ಗಡ್ಡೆ ಎತ್ತಿ, "ಇದೇನಮ್ಮ, ಆಲೂಗಡ್ಡೆಯ ಮೊಮ್ಮಕ್ಕಳಾ?" ಎಂದನಂತೆ.

"ಹೆಚ್ಚೋ ಕೆಲಸ ಇಲ್ಲ. ಇಡಿಯಾಗಿ ಬೇಯಿಸಿ" ಎಂದಳಂತೆ ಸೊಸೆ.

ಅವನು ತಲೆ ಕೆರೆದುಕೊಂಡು, ನಾಲ್ಕು ಕ್ರೇಟು ಇಳಿಸಿಕೊಂಡ. ಆರನೆಯ ವಾರವೂ ಹಾಗೆಯೇ ಆಯಿತು. ಮುಂದಿನ ವರ್ಷದ ಮಾತು ಅವನು ಇನ್ನೂ ಕೊಟ್ಟಿಲ್ಲ; "ನೋಡೋಣ" ಎಂದಿದ್ದಾನೆ. ಲಾಂಡ್ರಿಯ ಮೇಲ್ವಿಚಾರಕಿಗೂ ಸೊಸೆ ಅದನ್ನೇ ಹೇಳಿದ್ದಾಳೆ.

ನಾನು ತಪ್ಪು ಒಪ್ಪಿಕೊಂಡ ಆ ಮಧ್ಯಾಹ್ನದ ಮರುದಿನದ ಬೆಳಗನ್ನು ಹೇಳಿ ಮುಗಿಸುತ್ತೇನೆ. ನಾನು ಗೇಟಿನಿಂದ ಶುರುಮಾಡಿ ಕೊನೆಯ ಸಾಲಿನ ತನಕ, ಒಂದೊಂದು ಗಿಡದ ಮುಂದೆಯೂ ಮಂಡಿಯೂರಿ, ಕೆಳಗಿನ ಎಲೆ ಮಗುಚಿ ನೋಡಿದೆ. ಒಂದು ಗಂಟೆ ಹಿಡಿಯಿತು. ಸಿಕ್ಕಿದ್ದರಲ್ಲಿ ಕೆಟ್ಟ ಎಲೆಯನ್ನು ತಂದು ತಟ್ಟೆಯಲ್ಲಿಟ್ಟೆ. ತೂತು ಬಿದ್ದಿತ್ತು, ಹುಳು ತಿಂದದ್ದು, ಬೇರೇನಿಲ್ಲ. ಅಕ್ಕ ಮೇಜಿನಲ್ಲೇ ಕೂತು ಚಹಾ ಸೋಸುತ್ತಿದ್ದಳು. ಎಲೆಯ ಬಗ್ಗೆ ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡು ಬಂದಿದ್ದೆ.

ಸೊಸೆ ತಟ್ಟೆಯ ಕಡೆ ನೋಡಲೇ ಇಲ್ಲ. ಬಗ್ಗಿ ನನ್ನ ಪ್ಯಾಂಟಿನ ಮಂಡಿಗಳನ್ನು ನೋಡಿದಳು. ಎರಡರ ಮೇಲೂ ಅಂಗೈಯಗಲ ಹಸಿ ಕೆಸರು.

"ಸರಿ" ಎಂದಳು, ಮತ್ತು ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿದಳು.